ಮಧ್ಯೆ ಎಷ್ಟು ಜನ? ಪರಿಚಯದ ಸರಪಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯ ಊಟದ ಸಾಲಿನಲ್ಲಿ ಕೇಳಿದವರಿದ್ದಾರೆ, ಗ್ರಂಥಾಲಯದಲ್ಲಿ ಮಾತು ಮುಗಿಸಿ ಇಳಿಯುವಾಗ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದವರಿದ್ದಾರೆ, ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕೇಳಿದ ಹಿರಿಯರೂ ಇದ್ದಾರೆ. ಎಷ್ಟೋ ವರ್ಷ ಗಣಿತ ಪಾಠ ಮಾಡಿದವನಾದ ನನಗೆ ಇಷ್ಟೊಂದು ಜನ ಮನಸ್ಸಿಟ್ಟು ಕೇಳಿದ ವಿಷಯ ಇನ್ನೊಂದಿಲ್ಲ. ವಿಷಯ ಇದು: ಜಗತ್ತಿನ ಯಾವ ಇಬ್ಬರನ್ನಾದರೂ, ಪರಿಚಯದವರ ಪರಿಚಯದವರನ್ನು ಹಿಡಿದು ಹೋದರೆ, ಸುಮಾರು ಆರು ಕೊಂಡಿಗಳಲ್ಲಿ ಜೋಡಿಸಬಹುದು ಎಂಬ ಮಾತು. ಅವರು ಕೇಳಿದ ಮಾತುಗಳನ್ನು ಆದಷ್ಟು ಹಾಗೆಯೇ ಇಟ್ಟು, ಸುಲಭದ್ದನ್ನು ಮೊದಲಿಗೆ, ಕಠಿಣವಾದದ್ದನ್ನು ಕೊನೆಗೆ ಜೋಡಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಬಸ್ಸಿನಲ್ಲಿ ಪಕ್ಕ ಕುಳಿತವರು ವಿಚಾರಿಸಿದರೆ ನಮ್ಮ ಅತ್ತೆಯ ಊರಿನವರೇ ಆಗಿರುತ್ತಾರೆ. ಇದು ಬರೀ ಕಾಕತಾಳೀಯವೇ?

ಪೂರ್ತಿ ಕಾಕತಾಳೀಯವಲ್ಲ. ಒಂದೇ ಬಸ್ಸು ಹತ್ತಿದವರು ಒಂದೇ ದಿಕ್ಕಿನವರು, ಒಂದೇ ಭಾಷೆಯವರು, ಬಹುಪಾಲು ಒಂದೇ ಬಗೆಯ ಬದುಕಿನವರು. ಆದ್ದರಿಂದ ಆಟ ಶುರುವಾಗುವ ಮೊದಲೇ ನೀವು ಅರ್ಧ ಹತ್ತಿರ ಬಂದಿರುತ್ತೀರಿ.

ಇನ್ನೊಂದು ಕಾರಣ ನಾವು ಮಾತನಾಡಿಸುವ ರೀತಿ. ‘ಯಾವ ಜಿಲ್ಲೆ? ಯಾವ ತಾಲ್ಲೂಕು? ಊರು ಯಾವುದು? ಯಾರ ಮನೆಯವರು?’ ಎಂದು ಕೇಳುತ್ತಾ ಹೋಗುತ್ತೇವೆ. ಇದು ಬರೀ ಕುಶಲ ಪ್ರಶ್ನೆಯಲ್ಲ, ಹಂತ ಹಂತವಾಗಿ ಜಾಗವನ್ನು ಕಿರಿದು ಮಾಡುತ್ತಾ ಹೋಗುವ ಹುಡುಕಾಟ. ಹೀಗೆ ಹುಡುಕುವವರಿಗೆ ಕೊಂಡಿ ಸಿಕ್ಕೇ ಸಿಗುತ್ತದೆ. ಸಿಗದೆ ಹೋದ ನೂರು ಪ್ರಯಾಣಗಳು ನೆನಪಿನಲ್ಲಿ ಉಳಿಯುವುದಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ.

‘ಆರು ಕೊಂಡಿ’ ಎಂದರೆ ಮಧ್ಯೆ ಆರು ಜನವೇ, ಐದು ಜನವೇ?

ಐದು. ನೀವು ಒಂದು ತುದಿ, ಹುಡುಕುತ್ತಿರುವವರು ಇನ್ನೊಂದು ತುದಿ. ನಡುವೆ ಐವರು ನಿಂತರೆ ಕೈಯಿಂದ ಕೈಗೆ ಆರು ಹಿಡಿತಗಳಾಗುತ್ತವೆ. ಕೆಲವರು ಜನರನ್ನು ಎಣಿಸುತ್ತಾರೆ, ಕೆಲವರು ಹಿಡಿತಗಳನ್ನು. ಬೇರೆ ಬೇರೆ ಕಡೆ ಓದಿದ ಅಂಕಿಗಳಲ್ಲಿ ಒಂದರ ವ್ಯತ್ಯಾಸ ಕಂಡರೆ ಬಹುತೇಕ ಇದೇ ಕಾರಣ. ಈ ಬರಹದಲ್ಲಿ ನಾನು ನಡುವಿನ ಜನರನ್ನೇ ಎಣಿಸುತ್ತೇನೆ.

ಈ ಮಾತನ್ನು ಮೊದಲು ಹೇಳಿದ್ದು ಯಾರು?

ಅಚ್ಚಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದು ವಿಜ್ಞಾನಿಯಲ್ಲ, ಹಂಗೇರಿಯ ಲೇಖಕ ಫ್ರಿಗ್ಯೆಶ್ ಕರಿಂತಿ. 1929ರ ಒಂದು ಸಣ್ಣ ಬರಹದಲ್ಲಿ ಆತ ಗೆಳೆಯರ ನಡುವಿನ ಪಂತವೊಂದನ್ನು ವರ್ಣಿಸುತ್ತಾನೆ: ಭೂಮಿಯ ಮೇಲಿನ ನೂರೈವತ್ತು ಕೋಟಿ ಜನರಲ್ಲಿ ಯಾರನ್ನಾದರೂ ಹೆಸರಿಸಿ, ಐವರ ಮೂಲಕ ಅವರನ್ನು ಮುಟ್ಟಿ ತೋರಿಸುತ್ತೇವೆ. ಯಾರೋ ಸ್ವೀಡನ್ನಿನ ನೊಬೆಲ್ ಪುರಸ್ಕೃತ ಲೇಖಕಿ ಸೆಲ್ಮಾ ಲಾಗರ್ಲೋಫ್ ಹೆಸರು ಹೇಳುತ್ತಾರೆ. ನೊಬೆಲ್ ಕೊಟ್ಟದ್ದು ಸ್ವೀಡನ್ನಿನ ದೊರೆ, ದೊರೆಗೆ ಟೆನಿಸ್ ಹುಚ್ಚು, ಹಂಗೇರಿಯ ಟೆನಿಸ್ ಚಾಂಪಿಯನ್ ಒಬ್ಬನ ಜೊತೆ ಆತ ಆಡಿದ್ದಾನೆ, ಆ ಚಾಂಪಿಯನ್ ಕರಿಂತಿಗೆ ಗೊತ್ತು. ಮುಗಿಯಿತು. ಆಮೇಲೆ ಆತ ಫೋರ್ಡ್ ಕಾರ್ಖಾನೆಯ ಒಬ್ಬ ಸಾಮಾನ್ಯ ಕೂಲಿಯನ್ನೂ ಇದೇ ರೀತಿ ಮುಟ್ಟುತ್ತಾನೆ. ನನಗೆ ಹೆಚ್ಚು ಇಷ್ಟವಾದದ್ದು ಈ ಎರಡನೆಯದು. ಹೆಸರುವಾಸಿಗಳನ್ನು ಮುಟ್ಟುವುದು ಸುಲಭ, ಹೆಸರಿಲ್ಲದವರನ್ನು ಮುಟ್ಟುವುದೇ ನಿಜವಾದ ಪರೀಕ್ಷೆ ಎಂದು ಆತನಿಗೆ ಆಗಲೇ ಹೊಳೆದಿತ್ತು.

ನನಗೆ ನೂರು ಜನ ಗೊತ್ತು, ಅವರಲ್ಲಿ ಒಬ್ಬೊಬ್ಬರಿಗೆ ನೂರು ಜನ. ಗುಣಿಸಿದರೆ ಮುಗಿಯಿತಲ್ಲ, ಇದರಲ್ಲಿ ಆಶ್ಚರ್ಯವೇನಿದೆ?

ಗುಣಾಕಾರ ಸರಿಯಾಗಿಯೇ ಇದೆ: ನೂರನ್ನು ಐದು ಸಲ ಗುಣಿಸಿದರೆ ಒಂದು ಸಾವಿರ ಕೋಟಿ. ಭೂಮಿಯ ಮೇಲೆ ಈಗ ಇರುವವರು ಎಂಟುನೂರು ಕೋಟಿಯ ಆಸುಪಾಸು. ನಡುವೆ ನಾಲ್ವರು ಸಾಕು ಎಂದಾಯಿತು.

ಎಡವಟ್ಟು ಎಲ್ಲಿದೆ ಎಂದರೆ, ನಿಮ್ಮ ನೂರು ಜನರ ನೂರು ಜನ ಬೇರೆ ಬೇರೆಯವರಲ್ಲ. ನಿಮ್ಮ ಚಿಕ್ಕಪ್ಪನಿಗೆ ಗೊತ್ತಿರುವವರಲ್ಲಿ ಮುಕ್ಕಾಲು ಪಾಲು ನಿಮಗೂ ಗೊತ್ತು. ತಂಗಿಯ ಮದುವೆಗೆ ಪತ್ರಿಕೆ ಹಂಚುವಾಗ ಇದನ್ನು ಕಣ್ಣಾರೆ ನೋಡಬಹುದು. ಮನೆಯ ಐವರು ಕುಳಿತು ಒಬ್ಬೊಬ್ಬರೂ ನೂರು ಹೆಸರು ಬರೆದರೆ ಐನೂರು ಪತ್ರಿಕೆ ಅಚ್ಚು ಹಾಕಿಸುವುದಿಲ್ಲ. ಪಟ್ಟಿಗಳನ್ನು ಸೇರಿಸಿ, ಎರಡೆರಡು ಸಲ ಬಂದ ಹೆಸರನ್ನು ಹೊಡೆದು ಹಾಕಿದರೆ ಇನ್ನೂರಕ್ಕೆ ಬಂದು ನಿಲ್ಲುತ್ತದೆ. ನಂಟರ ನಂಟರು ಸುತ್ತಿ ಬಂದು ನಮ್ಮ ನಂಟರೇ ಆಗಿರುತ್ತಾರೆ. ಬಳಗ ಹೀಗೆ ತನ್ನೊಳಗೇ ಸುತ್ತುತ್ತಿದ್ದರೂ ಜಗತ್ತು ಚಿಕ್ಕದಾಗಿ ಉಳಿದಿದೆಯಲ್ಲ, ಆಶ್ಚರ್ಯವಿರುವುದು ಅಲ್ಲಿ. ಅದಕ್ಕೆ ಉತ್ತರ ಸಿಗಲು 1998ರವರೆಗೆ ಕಾಯಬೇಕಾಯಿತು. ಕೊನೆಯ ಭಾಗದಲ್ಲಿ ಅದಕ್ಕೆ ಬರುತ್ತೇನೆ.

## ಪ್ರಯೋಗಗಳ ಬಗ್ಗೆ

ಯಾರಾದರೂ ನಿಜವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆಯೇ, ಇಲ್ಲ ಎಲ್ಲವೂ ಕಾಗದದ ಲೆಕ್ಕವೇ?

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದಲ್ಲಿ ಮಾಡಿದರು. ಉಪಾಯ ಸರಳ. ಒಂದು ಮಡಿಕೆ ಕಾಗದದಲ್ಲಿ ದೂರದ ಊರಿನ ಒಬ್ಬರ ಹೆಸರು, ಊರು, ಉದ್ಯೋಗ ಇರುತ್ತದೆ. ಅವರು ನಿಮಗೆ ಖುದ್ದಾಗಿ ಗೊತ್ತಿಲ್ಲದಿದ್ದರೆ ನೇರವಾಗಿ ಕಳುಹಿಸುವಂತಿಲ್ಲ. ಹೆಸರು ಹಿಡಿದು ಕರೆಯುವಷ್ಟು ಸಲಿಗೆಯಿರುವ ನಿಮ್ಮ ಪರಿಚಯದವರಲ್ಲಿ, ಅವರಿಗೆ ಇನ್ನಷ್ಟು ಹತ್ತಿರ ಎನಿಸಿದವರಿಗೆ ದಾಟಿಸಬೇಕು. ಅವರೂ ಹಾಗೆಯೇ ಮಾಡಬೇಕು.

ಮೊದಲ ಸುತ್ತು ಕಾನ್ಸಾಸ್ ರಾಜ್ಯದಿಂದ ಹೊರಟು ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಹೆಂಡತಿಯನ್ನು ಮುಟ್ಟಬೇಕಿತ್ತು. ನಾಲ್ಕೇ ದಿನಕ್ಕೆ ಒಂದು ಕಾಗದ ಬಂದು ತಲುಪಿತು. ಗೋಧಿ ಬೆಳೆಯುವ ರೈತನೊಬ್ಬ ತನ್ನ ಊರಿನ ಪಾದ್ರಿಗೆ ಕೊಟ್ಟಿದ್ದ, ಆ ಪಾದ್ರಿ ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ ಇನ್ನೊಬ್ಬ ಪಾದ್ರಿಗೆ ಕಳುಹಿಸಿದ್ದ, ಆತ ಆಕೆಯ ಕೈಗಿಟ್ಟಿದ್ದ. ಮಧ್ಯೆ ಇಬ್ಬರೇ.

ಜೆಫ್ರಿ ಟ್ರಾವರ್ಸ್ ಜೊತೆಗೂಡಿ ಮಾಡಿದ ದೊಡ್ಡ ಸುತ್ತಿನ ವಿವರ 1969ರಲ್ಲಿ ಅಚ್ಚಾಯಿತು. ಗುರಿ, ಬಾಸ್ಟನ್‌ನಲ್ಲಿ ಕೆಲಸ ಮಾಡುತ್ತಾ ಶರೋನ್ ಎಂಬ ಊರಿನಲ್ಲಿ ವಾಸವಿದ್ದ ಒಬ್ಬ ಷೇರು ದಲ್ಲಾಳಿ. ಆಯ್ದ 296 ಮಂದಿಯಲ್ಲಿ ಕಾಗದವನ್ನು ಮುಂದೆ ಕಳುಹಿಸಿದವರು 217. ತಲುಪಿದ್ದು 64. ತಲುಪಿದವುಗಳಲ್ಲಿ ನಡುವಿನವರ ಸರಾಸರಿ 5.2. ಆ 64ರಲ್ಲಿ 16 ಕಾಗದಗಳು ಕೊನೆಯ ಹೆಜ್ಜೆಯಲ್ಲಿ ಶರೋನ್‌ನ ಒಬ್ಬನೇ ಬಟ್ಟೆ ವ್ಯಾಪಾರಿಯ ಕೈಯಿಂದ ಬಂದವು. ಊರಿನ ಎಲ್ಲರೂ ಕಾಲಿಡುವ ಅಂಗಡಿ ಎಂದರೆ ಏನು ಎಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಪ್ರಯೋಗವೇ ಸರಿಯಿಲ್ಲ ಎಂದು ಎಲ್ಲೋ ಓದಿದೆ. ಹಾಗಾದರೆ ನಂಬುವುದು ಹೇಗೆ?

ದೂರಿನಲ್ಲಿ ಹುರುಳಿದೆ. ಮನಶ್ಶಾಸ್ತ್ರಜ್ಞೆ ಜೂಡಿತ್ ಕ್ಲೈನ್‌ಫೆಲ್ಡ್ ಮಿಲ್‌ಗ್ರಾಂ ಅವರ ಹಳೆಯ ಕಡತಗಳನ್ನು ತೆರೆದು ನೋಡಿದಾಗ, ಕಾನ್ಸಾಸ್ ಸುತ್ತಿನ 60 ಮಂದಿಯಿಂದ ತಲುಪಿದ್ದು ಬರೀ 3 ಎಂದು ಕಂಡಿತು. ನಾಲ್ಕು ದಿನದ ರೈತನ ಕಥೆ ಪ್ರಸಿದ್ಧವಾಯಿತು, ತಲುಪದೆ ಹೋದವು ಕಡತದಲ್ಲೇ ಉಳಿದವು. ಎರಡನೆಯ ಸುತ್ತಿನಲ್ಲೂ ಹೊರಟವರು ದೇಶದ ಯಾರೋ ಸಾಮಾನ್ಯರೆಲ್ಲ ಅಲ್ಲ: 296ರಲ್ಲಿ ನೂರು ಜನ ಬಾಸ್ಟನ್‌ನಲ್ಲೇ ಇದ್ದವರು, ಇನ್ನು ನೂರು ಜನ ಷೇರು ಹೊಂದಿದ್ದವರು. ಷೇರು ದಲ್ಲಾಳಿಯನ್ನು ಹುಡುಕಲು ಅವರಿಗೆ ದಾರಿ ಸಲೀಸು.

2003ರಲ್ಲಿ ಪೀಟರ್ ಡಾಡ್ಸ್, ರೋಬಿ ಮುಹಮದ್, ಡಂಕನ್ ವಾಟ್ಸ್ ಇದನ್ನೇ ಇ-ಮೇಲ್ ಮೂಲಕ ಮಾಡಿದರು. 13 ದೇಶಗಳ 18 ಗುರಿಗಳು. ಅವರಲ್ಲಿ ಭಾರತದ ಒಬ್ಬ ತಂತ್ರಜ್ಞಾನ ಸಲಹೆಗಾರರೂ, ನಾರ್ವೆ ಸೇನೆಯ ಪಶುವೈದ್ಯರೂ ಇದ್ದರು. ಶುರುವಾದ ಸರಪಳಿಗಳು 24,163. ಮುಟ್ಟಿದವು 384. ಉಳಿದವು ಯಾಕೆ ಕಡಿದವು? ‘ಯಾರಿಗೆ ಕಳುಹಿಸುವುದೋ ಹೊಳೆಯಲಿಲ್ಲ’ ಎಂದವರು ಸಾವಿರಕ್ಕೆ ಐವರೂ ಇಲ್ಲ. ದಾರಿ ಇತ್ತು, ದಾಟಿಸುವ ಮನಸ್ಸು ಇರಲಿಲ್ಲ. ಈ ವಿಷಯದಲ್ಲಿ ನಾನು ಓದಿದ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ನಾಲ್ವರಲ್ಲಿ ಮೂವರು ಮುಂದೆ ದಾಟಿಸುತ್ತಾರೆ ಎಂದಿಟ್ಟುಕೊಳ್ಳಿ. ಮೂರು ಸಲ ಕೈ ಬದಲಾಯಿಸಬೇಕಾದ ಕಾಗದ ಉಳಿಯುವ ಸಾಧ್ಯತೆ ನೂರಕ್ಕೆ 42, ಆರು ಸಲ ಬದಲಾಯಿಸಬೇಕಾದದ್ದಕ್ಕೆ ಬರೀ 18. ಉದ್ದನೆಯ ಸರಪಳಿಗಳೇ ಹೆಚ್ಚು ಸಾಯುತ್ತವೆ, ತಲುಪಿದವುಗಳ ಸರಾಸರಿ ನಿಜಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಇದನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಡಾಡ್ಸ್ ತಂಡಕ್ಕೆ ಸಿಕ್ಕಿದ್ದು ಐದರಿಂದ ಏಳು ಹೆಜ್ಜೆ, ಅಂದರೆ ನಡುವೆ ನಾಲ್ಕರಿಂದ ಆರು ಜನ. ಮಿಲ್‌ಗ್ರಾಂ ಅವರ ವಿಧಾನದಲ್ಲಿ ದೋಷಗಳಿದ್ದವು, ಅಂದಾಜು ಮಾತ್ರ ಹೆಚ್ಚು ತಪ್ಪಲಿಲ್ಲ.

ಫೇಸ್‌ಬುಕ್ಕಿನಲ್ಲಿ ಅದು ಮೂರೂವರೆಗೆ ಇಳಿದಿದೆಯಂತೆ. ಜಗತ್ತು ಕುಗ್ಗಿತೇ?

2011ರಲ್ಲಿ 72 ಕೋಟಿ ಬಳಕೆದಾರರ ನಡುವೆ ಸರಾಸರಿ 3.74 ಜನ, 2016ರಲ್ಲಿ ಸುಮಾರು 159 ಕೋಟಿ ಬಳಕೆದಾರರ ನಡುವೆ 3.57 ಜನ ಎಂದು ಆ ಕಂಪನಿಯ ಲೆಕ್ಕ ಹೇಳಿತು. ಅಂಕಿ ಸರಿ, ಹೋಲಿಕೆ ಮಾತ್ರ ಎಚ್ಚರದಿಂದ. ಯಂತ್ರಕ್ಕೆ ಇಡೀ ನಕ್ಷೆ ಗೊತ್ತು, ಅದು ಅತಿ ಹತ್ತಿರದ ದಾರಿಯನ್ನೇ ಅಳೆಯುತ್ತದೆ. ಮಿಲ್‌ಗ್ರಾಂನ ರೈತನಿಗೆ ಗೊತ್ತಿದ್ದದ್ದು ತನ್ನ ಪರಿಚಯದವರಷ್ಟೇ. ಜೊತೆಗೆ, ಒಮ್ಮೆ ಮದುವೆಮನೆಯಲ್ಲಿ ಕಂಡವರೂ ಅಲ್ಲಿ ಗೆಳೆಯರೆಂದೇ ಎಣಿಕೆಯಾಗುತ್ತಾರೆ. ಅದೇ 2011ರ ಅಧ್ಯಯನದಲ್ಲಿ ನೂರಕ್ಕೆ 84 ಗೆಳೆತನಗಳು ಒಂದೇ ದೇಶದೊಳಗಿನವು ಎಂದೂ ಕಂಡಿತ್ತು. ದೇಶದ ಗಡಿ ದಾಟುವ ಉಳಿದ 16 ಗೆಳೆತನಗಳೇ ಜಗತ್ತನ್ನು ಹೊಲಿದು ಹಿಡಿದಿವೆ.

ಸಿನಿಮಾ ನಟರನ್ನು ಹೀಗೆ ಜೋಡಿಸುವ ಆಟವಿದೆಯಂತೆ. ನಮ್ಮ ಕನ್ನಡದ ನಟರಿಗೂ ಅನ್ವಯಿಸುತ್ತದೆಯೇ?

ಖಂಡಿತ. 1994ರಲ್ಲಿ ಪೆನ್ಸಿಲ್ವೇನಿಯಾದ ಕಾಲೇಜು ಹುಡುಗರು ಹಾಲಿವುಡ್ ನಟ ಕೆವಿನ್ ಬೇಕನ್ ಹೆಸರಿನಲ್ಲಿ ಶುರು ಮಾಡಿದ ಆಟ ಅದು. ಒಂದೇ ಚಿತ್ರದಲ್ಲಿ ನಟಿಸಿದವರ ನಡುವೆ ಒಂದು ಕೊಂಡಿ.

‘ಕಾಡು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಂದಿನಿ ಭಕ್ತವತ್ಸಲ ಅವರಿಂದ ಹೊರಡೋಣ. 1973ರ ಆ ಚಿತ್ರದಲ್ಲಿ ಅವರ ಜೊತೆ ಅಮರೀಶ್ ಪುರಿ ಇದ್ದರು. 1984ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ಅಮರೀಶ್ ಪುರಿ ಎದುರಿಗೆ ಹ್ಯಾರಿಸನ್ ಫೋರ್ಡ್. ಅದೇ ಸರಣಿಯ 1981ರ ಮೊದಲ ಚಿತ್ರದಲ್ಲಿ ಫೋರ್ಡ್ ಜೊತೆ ಕರೆನ್ ಆಲೆನ್. 1978ರ ‘ಅನಿಮಲ್ ಹೌಸ್’ನಲ್ಲಿ ಕರೆನ್ ಆಲೆನ್ ಜೊತೆ ಕೆವಿನ್ ಬೇಕನ್. ನಮ್ಮ ಹಳ್ಳಿಯ ಕಥೆಯಿಂದ ಹಾಲಿವುಡ್ಡಿಗೆ ಮಧ್ಯೆ ಮೂವರು. ಭಾಷೆಗಳ ನಡುವೆ ಓಡಾಡಿದ ಅಮರೀಶ್ ಪುರಿಯಂಥ ಒಬ್ಬರಿದ್ದರೆ ಒಂದಿಡೀ ಚಿತ್ರರಂಗ ಇನ್ನೊಂದಕ್ಕೆ ಹತ್ತಿರವಾಗುತ್ತದೆ.

ಗಣಿತಜ್ಞರಲ್ಲಿ ಇದೇ ಆಟ ಪಾಲ್ ಏರ್ಡಿಶ್ ಹೆಸರಿನಲ್ಲಿ ನಡೆಯುತ್ತದೆ, ಅಲ್ಲಿ ಒಟ್ಟಿಗೆ ಲೇಖನ ಬರೆದವರ ನಡುವೆ ಒಂದು ಕೊಂಡಿ. ಸುಮಾರು 1500 ಲೇಖನಗಳನ್ನು 500ಕ್ಕೂ ಹೆಚ್ಚು ಜನರ ಜೊತೆಗೂಡಿ ಬರೆದ, ಸ್ವಂತ ಮನೆಯಿಲ್ಲದೆ ಊರೂರು ಅಲೆದ ಮಹಾಶಯ ಆತ.

## ನಮ್ಮ ಊರುಗಳ ಬಗ್ಗೆ

ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಸರಪಳಿಯ ಲೆಕ್ಕ ಯಾತಕ್ಕೆ?

ಮುಖ ಗೊತ್ತಿರುವುದು ಬೇರೆ, ಸಾಲ ಕೇಳುವಷ್ಟು ಗೊತ್ತಿರುವುದು ಬೇರೆ. ಈ ವ್ಯತ್ಯಾಸವನ್ನು ಅಳೆದ, ಜಗತ್ತಿನಲ್ಲೇ ಹೆಸರಾದ ಅಧ್ಯಯನವೊಂದು ನಡೆದದ್ದು ನಮ್ಮ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಅವರ ತಂಡ 75 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿತು: ಬಿಡುವಾದಾಗ ಯಾರ ಮನೆಗೆ ಹೋಗುತ್ತೀರಿ? ಸೀಮೆಎಣ್ಣೆ, ಅಕ್ಕಿ ಮುಗಿದರೆ ಯಾರ ಮನೆಯಿಂದ ಕಡ ತರುತ್ತೀರಿ? ಕೈಸಾಲ ಯಾರು ಕೊಡುತ್ತಾರೆ? ಇದ್ದಕ್ಕಿದ್ದಂತೆ ಮೈ ಹುಷಾರಿಲ್ಲದೆ ಹೋದರೆ ಯಾರನ್ನು ಕರೆಯುತ್ತೀರಿ? ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಸೇರಿಗೆ ಸೇರು ಅಕ್ಕಿ ಕಡ ಕೊಡುವ ಪದ್ಧತಿ ವಿಜ್ಞಾನದ ದತ್ತಾಂಶವಾದ ಪರಿ ನೋಡಿ.

ಆಮೇಲೆ ಅವುಗಳಲ್ಲಿ 43 ಹಳ್ಳಿಗಳಿಗೆ ಒಂದು ಕಿರುಸಾಲ ಸಂಸ್ಥೆ ಕಾಲಿಟ್ಟಿತು. ಪ್ರತಿ ಊರಿನಲ್ಲೂ ಮೊದಲು ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳಂಥವರಿಗೆ ವಿಷಯ ತಿಳಿಸಿ, ಉಳಿದವರಿಗೆ ಹೇಳಿ ಎಂದಿತು. ಕೆಲವು ಊರುಗಳಲ್ಲಿ ಅರ್ಹ ಮನೆಗಳಲ್ಲಿ ನೂರಕ್ಕೆ 7 ಮಾತ್ರ ಸೇರಿದವು, ಕೆಲವು ಊರುಗಳಲ್ಲಿ 44. ಯಾಕಿಷ್ಟು ಅಂತರ? ಮೊದಲು ಸುದ್ದಿ ಕೇಳಿದವರು ಊರಿನ ಬಲೆಯಲ್ಲಿ ಎಲ್ಲಿ ಕುಳಿತಿದ್ದಾರೆ ಎನ್ನುವುದು ಮುಖ್ಯವಾಗಿತ್ತು. ಅವರಿಗೆ ಎಷ್ಟು ಜನ ಗೊತ್ತು ಎನ್ನುವುದಕ್ಕಿಂತ, ಅವರಿಗೆ ಗೊತ್ತಿರುವವರಿಗೆ ಯಾರು ಯಾರು ಗೊತ್ತು ಎನ್ನುವುದರ ಮೇಲೆ ಫಲ ನಿಂತಿತ್ತು. ಸಾಲ ಪಡೆಯದವರು ಕೂಡ ಸುದ್ದಿ ದಾಟಿಸಿದ್ದರು.

ಇದೇ ತಂಡದವರ 2019ರ ಇನ್ನೊಂದು ಕೆಲಸ ನನಗೆ ಇನ್ನೂ ಪ್ರಿಯ. ಕರ್ನಾಟಕದ 213 ಹಳ್ಳಿಗಳಲ್ಲಿ, ಫೋನು ಮಾಡಿದವರಿಗೆ ಬಹುಮಾನ ಗೆಲ್ಲುವ ಅವಕಾಶವಿದೆ ಎಂಬ ಸುದ್ದಿಯನ್ನು ಕೆಲವರ ಕಿವಿಗೆ ಹಾಕಿದರು. ಕೆಲವು ಊರುಗಳಲ್ಲಿ ಯಾರೋ ಕೆಲವರಿಗೆ, ಕೆಲವು ಊರುಗಳಲ್ಲಿ ಹಿರಿಯರಿಗೆ, ಇನ್ನು ಕೆಲವಲ್ಲಿ ‘ಸುದ್ದಿ ಹಬ್ಬಿಸಬೇಕಾದರೆ ಯಾರಿಗೆ ಹೇಳಬೇಕು’ ಎಂದು ಊರವರನ್ನೇ ಕೇಳಿ, ಅವರು ಬೆರಳು ತೋರಿಸಿದವರಿಗೆ. ಊರವರು ತೋರಿಸಿದವರ ಮೂಲಕವೇ ಸುದ್ದಿ ಹೆಚ್ಚು ಹಬ್ಬಿತು. ಬಲೆಯ ನಕ್ಷೆ ಯಾರ ತಲೆಯಲ್ಲೂ ಇಲ್ಲ, ಆದರೆ ಯಾರ ಮಾತು ತಿರುಗಿ ತಿರುಗಿ ತಮ್ಮ ಕಿವಿಗೆ ಬೀಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ನಲ್ಲಿಯ ಬಳಿ ನಿಂತು ಮಾತಾಡುವ ಹೆಂಗಸನ್ನು ಹಗುರವಾಗಿ ಕಾಣುವವರು ಈ ಫಲಿತಾಂಶವನ್ನು ಓದಬೇಕು.

ಜಾತಿ ಈ ಸರಪಳಿಯನ್ನು ಕತ್ತರಿಸುವುದಿಲ್ಲವೇ? ಎಲ್ಲರೂ ಎಲ್ಲರಿಗೂ ಹತ್ತಿರ ಎಂದರೆ ನಾನು ನಂಬಲಾರೆ.

ಕತ್ತರಿಸುತ್ತದೆ. ಮೇಲೆ ಹೇಳಿದ ಹಳ್ಳಿಗಳ ನಕ್ಷೆ ಬಿಡಿಸಿ ನೋಡಿದರೆ ಅಕ್ಕಿ, ಸೀಮೆಎಣ್ಣೆ ಕಡ ಕೊಡುವ ಗೆರೆಗಳು ಪರಿಶಿಷ್ಟ ಜಾತಿ, ಪಂಗಡಗಳ ಮನೆಗಳಲ್ಲಿ ಒಂದು ಗುಂಪಾಗಿ, ಉಳಿದವರಲ್ಲಿ ಇನ್ನೊಂದು ಗುಂಪಾಗಿ ಗಂಟು ಕಟ್ಟಿವೆ. ನಡುವೆ ದಾಟುವ ಗೆರೆಗಳು ಬೆರಳೆಣಿಕೆ. ಒಂದೇ ಊರು, ಒಂದೇ ಬಾವಿಯ ದಾರಿ, ಎರಡು ಬಲೆ.

ಅಮೆರಿಕದಲ್ಲೂ ಇದೇ. 1970ರಲ್ಲಿ ಚಾರ್ಲ್ಸ್ ಕೋರ್ಟ್ ಮತ್ತು ಮಿಲ್‌ಗ್ರಾಂ ಲಾಸ್ ಏಂಜಲೀಸ್‌ನ 540 ಬಿಳಿಯರ ಕೈಗೆ ಕಾಗದ ಕೊಟ್ಟು ನ್ಯೂಯಾರ್ಕಿನ 18 ಜನರಿಗೆ ಮುಟ್ಟಿಸಲು ಹೇಳಿದರು. ಗುರಿ ಬಿಳಿಯರಾಗಿದ್ದಾಗ ನೂರಕ್ಕೆ 33 ತಲುಪಿದವು, ಕಪ್ಪು ವರ್ಣೀಯರಾಗಿದ್ದಾಗ 13. ತಲುಪಿದ ಸರಪಳಿಗಳ ಉದ್ದದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ ಎನ್ನುವುದನ್ನು ಗಮನಿಸಿ. ದಾರಿಯ ಉದ್ದ ಅಷ್ಟೇ, ಆದರೆ ಹೆಚ್ಚಿನವು ಗೋಡೆಯ ಬುಡದಲ್ಲಿ ನಿಂತುಬಿಟ್ಟವು. ಆದ್ದರಿಂದ ಸರಾಸರಿ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾರ ಸರಾಸರಿ ಎಂದು ಕೇಳಿ. ಬಸ್ಸಿನಲ್ಲಿ ‘ಯಾರ ಮನೆಯವರು?’ ಎಂಬ ಪ್ರಶ್ನೆ ಒಬ್ಬರಿಗೆ ನಂಟು ಹುಡುಕುವ ಸಂತೋಷವಾದರೆ ಇನ್ನೊಬ್ಬರಿಗೆ ಅಳೆದು ದೂರ ಇಡುವ ಕೋಲು. ಈ ಪ್ರಶ್ನೆ ಕೇಳಿದವರ ಅಪನಂಬಿಕೆ ನ್ಯಾಯವಾದದ್ದು.

ಕೆಲಸ ಹುಡುಕುವಾಗ ಹತ್ತಿರದ ನೆಂಟರಿಗಿಂತ ಮುಖಪರಿಚಯದವರೇ ನೆರವಾಗುತ್ತಾರಂತೆ. ನಿಜವೇ?

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ ಮಾತು ಇದು. ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕಿದ್ದವರನ್ನು ಆತ ಕೇಳಿದ: ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ಎಂದವರು ನೂರಕ್ಕೆ 17ಕ್ಕೂ ಕಡಿಮೆ. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪ ಎಂದವರು ಸುಮಾರು 28. ಕಾರಣ ಸರಳ: ಮನೆಯವರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಕಾಲಿಟ್ಟಿರುವವರಿಂದ.

2022ರಲ್ಲಿ, ಉದ್ಯೋಗದ ಪರಿಚಯಗಳಿಗೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲಿನ ಅಧ್ಯಯನ ಇದಕ್ಕೊಂದು ತಿದ್ದುಪಡಿ ಕೊಟ್ಟಿತು. ಅತಿ ದೂರದವರೂ ಅಲ್ಲ, ಅತಿ ಹತ್ತಿರದವರೂ ಅಲ್ಲ. ಇಬ್ಬರಿಗೂ ಗೊತ್ತಿರುವವರು ಕೆಲವರು ಮಾತ್ರ ಇರುವಂಥ ನಡುವಿನ ಪರಿಚಯ ಹೆಚ್ಚು ಫಲ ಕೊಟ್ಟಿತು.

ಇದೆಲ್ಲ ವಶೀಲಿಗೆ ಒಳ್ಳೆಯ ಹೆಸರು ಕೊಟ್ಟಂತೆ ಅಲ್ಲವೇ?

ಅಲ್ಲ. ಕೆಲಸ ಖಾಲಿಯಿದೆ ಎಂದು ತಿಳಿಸುವುದು ಒಂದು, ಅರ್ಹರನ್ನು ಪಕ್ಕಕ್ಕೆ ತಳ್ಳಿ ಕೊಡಿಸುವುದು ಇನ್ನೊಂದು. ಮೊದಲನೆಯದು ಸುದ್ದಿ, ಎರಡನೆಯದು ಕಳವು. ಆದರೆ ‘ಯಾರಿಂದಲಾದರೂ ಹೇಳಿಸಿ’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಇಷ್ಟು ಸಲೀಸಾಗಿ ಓಡಾಡುವಾಗ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಹೇಳಿಸಲು ಯಾರೂ ಇಲ್ಲದವರಿಗೂ ನಡೆಯುವ ಕಚೇರಿ ಬೇಕು. ಸರಪಳಿ ಚಿಕ್ಕದಿರುವುದು ಅದಕ್ಕೆ ಬದಲಿಯಾಗಲಾರದು.

## ಇನ್ನಷ್ಟು ಆಳಕ್ಕೆ

ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲೇ ಇದ್ದರೂ ದೂರ ಇಷ್ಟು ಕಡಿಮೆಯಾಗುವುದು ಹೇಗೆ?

ಮಿಡತೆಗಳಂತೆ ಕಾಣುವ ಚಿಮ್ಮಂಡೆಗಳು ಮರದ ಮೇಲೆ ಒಂದೇ ತಾಳದಲ್ಲಿ ಕೂಗುವುದನ್ನು ಅಭ್ಯಾಸ ಮಾಡುತ್ತಿದ್ದ ಡಂಕನ್ ವಾಟ್ಸ್‌ಗೆ, ಯಾವ ಹುಳು ಯಾವುದರ ಕೂಗನ್ನು ಕೇಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಎದ್ದಿತು. ಅಲ್ಲಿಂದ ಹೊರಟು ಆತ ಮತ್ತು ಗುರು ಸ್ಟೀವನ್ ಸ್ಟ್ರೋಗಟ್ಸ್ 1998ರಲ್ಲಿ ಉತ್ತರಕ್ಕೆ ಬಂದು ಮುಟ್ಟಿದರು.

ದೊಡ್ಡ ಕೆರೆಯ ಏರಿಯ ಸುತ್ತ ಸಾವಿರ ಜನ ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರಿಗೂ ಎಡಗಡೆಯ ಐವರು, ಬಲಗಡೆಯ ಐವರು ಮಾತ್ರ ಗೊತ್ತು. ಎದುರು ದಡದವರಿಗೆ ಮಾತು ಮುಟ್ಟಿಸಲು ನೂರು ಹೆಜ್ಜೆ ಬೇಕು, ಸರಾಸರಿ ಐವತ್ತು. ಇಲ್ಲಿರುವ ಪರಿಚಯಗಳು ಒಟ್ಟು ಐದು ಸಾವಿರ. ಅವುಗಳಲ್ಲಿ ಬರೀ ಐವತ್ತನ್ನು ಬಿಚ್ಚಿ, ಕೆರೆಯಾಚೆ ಎಲ್ಲೆಂದರಲ್ಲಿಗೆ ಕಟ್ಟಿ. ಸರಾಸರಿ ದೂರ ಕಾಲುಭಾಗಕ್ಕಿಂತ ಕೆಳಗೆ ಕುಸಿಯುತ್ತದೆ. ಅಕ್ಕಪಕ್ಕದವರ ಗುಂಪುಗಾರಿಕೆ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಕುಳಿತವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಊರಿನಲ್ಲಿ ಈ ಐವತ್ತು ಎಳೆಗಳು ಯಾರು? ದೂರಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ವರ್ಗವಾಗಿ ಬಂದ ಮೇಷ್ಟ್ರು, ಸೈನ್ಯದಿಂದ ನಿವೃತ್ತರಾದವರು, ಬೆಂಗಳೂರಿನ ಹೋಟೆಲಿಗೆ ಸೇರಿದ ಹುಡುಗ.

ದಾರಿ ಇದ್ದರೂ ಅದು ನಮ್ಮ ಕಣ್ಣಿಗೆ ಬೀಳುವುದು ಹೇಗೆ? ಯಾರ ಬಳಿಯೂ ನಕ್ಷೆ ಇಲ್ಲವಲ್ಲ.

ಇದು ನನಗೆ ಬಂದ ಪ್ರಶ್ನೆಗಳಲ್ಲೇ ಶ್ರೇಷ್ಠ. ಉತ್ತರವನ್ನು ಒಂದು ಡಬ್ಬಿಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹಾಸನದಿಂದ ಬೆಂಗಳೂರಿಗೆ ಬರುವಾಗ ನನ್ನ ಸೀಟಿನ ಕೆಳಗೆ ಯಾರೋ ಮರೆತ ಬಟ್ಟೆಯ ಚೀಲವಿತ್ತು. ಒಳಗೆ ಕನ್ನಡಕ, ಒಂದು ತಿಂಗಳಿನ ಮಾತ್ರೆ, ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ. ಕಂಡಕ್ಟರಿಗೆ ನನ್ನ ನಂಬರು ಬರೆದುಕೊಟ್ಟೆ. ಮನೆಗೆ ಬಂದು ಡಬ್ಬಿಯ ತಳ ನೋಡಿದರೆ ಚುಕ್ಕಿ ಚುಕ್ಕಿಯ ಅಕ್ಷರದಲ್ಲಿ ‘ಗೃಹಪ್ರವೇಶದ ನೆನಪಿಗಾಗಿ’, ಒಂದು ಹೆಸರು, ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಆ ಕಡೆಯವರು, ಅವರಿಗೆ ಫೋನು ಮಾಡಿದೆ. ಅವರು ಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಾವನವರಿಗೆ ಹೇಳಿದರು. ಸುತ್ತಲಿನ ಹಳ್ಳಿಯ ರೈತರೆಲ್ಲ ಅಲ್ಲಿಗೇ ಬರುತ್ತಾರೆ. ಮಾವನವರು ಗೃಹಪ್ರವೇಶದ ಮನೆಯ ಯಜಮಾನರನ್ನು ಹಿಡಿದರು. ಯಜಮಾನರ ಹೆಂಡತಿಗೆ ತಕ್ಷಣ ಹೊಳೆಯಿತು: ‘ನಮ್ಮ ದೊಡ್ಡಮ್ಮ ಮಗಳ ಬಾಣಂತನಕ್ಕೆ ಮೊನ್ನೆ ಬೆಂಗಳೂರಿಗೆ ಹೋದರಲ್ಲ!’ ಮೂರನೆಯ ದಿನ ಆ ಹಿರಿಯರ ಅಳಿಯ ನಮ್ಮ ಮನೆ ಬಾಗಿಲಲ್ಲಿದ್ದರು. ಮಾತ್ರೆಗಳಿಲ್ಲದೆ ಅಜ್ಜಿ ಎರಡು ದಿನ ಕಳೆದಿದ್ದರು.

ಇಲ್ಲಿ ಪೂರ್ತಿ ದಾರಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೂ ಮುಂದಿನ ದಿಕ್ಕು ಗೊತ್ತಿತ್ತು, ಮೊದಲು ಊರು ಹಿಡಿದು, ಆಮೇಲೆ ಕಸುಬು ಹಿಡಿದು, ಕೊನೆಗೆ ನಂಟು ಹಿಡಿದು. ಜನ ಇಂಥ ಹುಡುಕಾಟದಲ್ಲಿ ಮುಖ್ಯವಾಗಿ ಸ್ಥಳ ಮತ್ತು ಉದ್ಯೋಗವನ್ನೇ ನೋಡುತ್ತಾರೆ ಎಂದು ಸಂಶೋಧಕರೂ ಕಂಡುಕೊಂಡಿದ್ದಾರೆ.

ಇದು ಯಾವಾಗ ಸಾಧ್ಯ ಎನ್ನುವುದನ್ನು 2000ದಲ್ಲಿ ಜಾನ್ ಕ್ಲೈನ್‌ಬರ್ಗ್ ಗಣಿತದಲ್ಲಿ ತೋರಿಸಿದರು. ದೂರದ ಪರಿಚಯಗಳು ಎಲ್ಲೆಂದರಲ್ಲಿ ಚೆಲ್ಲಿದ್ದರೆ ಗಿಡ್ಡ ದಾರಿ ಇರುತ್ತದೆ, ಕೈಗೆ ಸಿಗುವುದಿಲ್ಲ. ಪರಿಚಯಗಳು ಎಲ್ಲ ಅಳತೆಯಲ್ಲೂ ಹದವಾಗಿ ಹರಡಿರಬೇಕು: ಓಣಿಯಲ್ಲಿ ಕೆಲವರು, ಊರಿನಲ್ಲಿ ಕೆಲವರು, ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ, ಹೊರರಾಜ್ಯದಲ್ಲಿ ಕೆಲವರು. ಆಗ ಪ್ರತಿ ಹೆಜ್ಜೆಯೂ ಗುರಿಯ ದೂರವನ್ನು ಗಣನೀಯವಾಗಿ ತಗ್ಗಿಸುತ್ತಾ ಹೋಗುತ್ತದೆ.

ನನ್ನ ಗೆಳೆಯರಿಗೆಲ್ಲ ನನಗಿಂತ ಹೆಚ್ಚು ಗೆಳೆಯರಿದ್ದಾರೆ. ನನ್ನಲ್ಲೇ ಏನೋ ಕೊರತೆಯೇ?

ಕೊರತೆಯಲ್ಲ, ಅಂಕಗಣಿತ. ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದಂತೆ ಬಹುಪಾಲು ಜನರ ಸ್ಥಿತಿ ಇದೇ. ಇನ್ನೂರು ಗೆಳೆಯರಿರುವವನು ಇನ್ನೂರು ಜನರ ಪಟ್ಟಿಯಲ್ಲಿ ಇರುತ್ತಾನೆ, ಇಬ್ಬರೇ ಗೆಳೆಯರಿರುವವನು ಇಬ್ಬರ ಪಟ್ಟಿಯಲ್ಲಿ. ಹೀಗಾಗಿ ಎಲ್ಲರ ಪಟ್ಟಿಯಲ್ಲೂ ಬಳಗ ದೊಡ್ಡದಿರುವವರೇ ತುಂಬಿರುತ್ತಾರೆ. ಇದರಿಂದ ಉಪಯೋಗವೂ ಉಂಟು. 2009ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಲ್ಲಿ ಜ್ವರ ಹಬ್ಬಿದಾಗ, ಯಾದೃಚ್ಛಿಕವಾಗಿ ಆಯ್ದವರಿಗಿಂತ, ಆಯ್ದವರು ‘ಇವರು ನನ್ನ ಗೆಳೆಯರು’ ಎಂದು ಹೆಸರಿಸಿದವರ ಗುಂಪಿನಲ್ಲಿ ಅದು ಸುಮಾರು ಎರಡು ವಾರ ಮೊದಲೇ ಕಾಣಿಸಿತು.

ಗಾಳಿಮಾತು ಒಂದೇ ದಿನದಲ್ಲಿ ಊರು ಸುತ್ತುತ್ತದೆ. ಶೌಚಾಲಯ ಕಟ್ಟಿಸಿ ಎನ್ನುವ ಮಾತು ಯಾಕೆ ಸುತ್ತುವುದಿಲ್ಲ?

ಗಾಳಿಮಾತು ನಂಬಲು ಒಬ್ಬರು ಹೇಳಿದರೆ ಸಾಕು. ಕೈಯಿಂದ ಹಣ ಹಾಕಿ ಹಳೆಯ ರೂಢಿ ಬದಲಿಸಬೇಕಾದರೆ ನಾಲ್ಕು ಮನೆಯವರು ಮಾಡಿದ್ದನ್ನು ಕಣ್ಣಾರೆ ನೋಡಬೇಕು. ಡೇಮನ್ ಸೆಂಟೋಲಾ ಮತ್ತು ಮೈಕೆಲ್ ಮೇಸಿ 2007ರಲ್ಲಿ ವಿವರಿಸಿದ ಹಾಗೆ, ಇಂಥ ಬದಲಾವಣೆಗೆ ದೂರದ ಒಂಟಿ ಎಳೆ ಸಾಲದು, ಒತ್ತೊತ್ತಾಗಿ ಹೆಣೆದ ಹತ್ತಿರದ ಬಳಗವೇ ಬೇಕು. ಆದ್ದರಿಂದ ಊರಿಗೊಬ್ಬರಂತೆ ಹತ್ತು ಊರುಗಳಲ್ಲಿ ಶುರು ಮಾಡುವುದಕ್ಕಿಂತ ಒಂದೇ ಓಣಿಯ ಹತ್ತು ಮನೆಗಳಿಂದ ಶುರು ಮಾಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಸರಪಳಿಯ ಹೊರಗೇ ಇರುವವರು ಯಾರಾದರೂ ಇದ್ದಾರೆಯೇ?

ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದವರಂತೆ ಹೊರಗಿನವರನ್ನು ದೂರವಿಟ್ಟ ಸಮುದಾಯಗಳಿವೆ. ಅವರನ್ನು ಬಿಟ್ಟರೆ ತೀರ ಅಪರೂಪ. ಒಳಗೆ ಬರಲು ಒಂದೇ ಎಳೆ ಸಾಕಾಗುತ್ತದೆ. ಫೇಸ್‌ಬುಕ್ಕಿನ 2011ರ ಲೆಕ್ಕದಲ್ಲಿ ನೂರಕ್ಕೆ 99.91 ಜನ ಒಂದೇ ಬಲೆಯಲ್ಲಿದ್ದರು. ಆದರೆ ಒಂದೇ ಎಳೆಯಲ್ಲಿ ನೇತಾಡುವವರ ಬಗ್ಗೆ ನನಗೆ ಚಿಂತೆಯಿದೆ. ಹೆಂಡತಿಯ ಮೂಲಕವೇ ನೆರೆಹೊರೆಯ ಒಡನಾಟವಿದ್ದ ಮುದುಕರು, ಆಕೆ ತೀರಿಕೊಂಡ ಮೇಲೆ ಒಂದೇ ದಿನದಲ್ಲಿ ಇಡೀ ಬೀದಿಯನ್ನು ಕಳೆದುಕೊಳ್ಳುತ್ತಾರೆ.

ನಮ್ಮ ತಾತನ ಗೆಳೆಯರೊಬ್ಬರ ಮನೆಯವರನ್ನು ಹುಡುಕಬೇಕಾಗಿದೆ. ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಅವರ ಊರು, ಕಸುಬು, ಇಬ್ಬರೂ ಒಟ್ಟಿಗೆ ಇದ್ದ ಜಾಗ ಮತ್ತು ವರ್ಷ. ‘ಇಂಥವರು ಗೊತ್ತೇ?’ ಎಂದು ಕೇಳಬೇಡಿ. ಗೊತ್ತಿಲ್ಲ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಆ ಕಡೆಯವರು ನಿಮಗೆ ಯಾರಾದರೂ ಗೊತ್ತೇ?’ ಎಂದು ಕೇಳಿ. ಊರಿನ ಅಂಚೆಯವರು, ಹಳೆಯ ಶಾಲೆಯ ನಿವೃತ್ತ ಶಿಕ್ಷಕರು, ಗೊಬ್ಬರದ ಅಂಗಡಿ, ಚಿನ್ನಬೆಳ್ಳಿ ಅಂಗಡಿ, ದೇವಸ್ಥಾನದ ಅರ್ಚಕರು, ಮಸೀದಿಯ ಮುತವಲ್ಲಿ, ಹೊಲಿಗೆಯವರು, ಇವರೆಲ್ಲ ಬೇರೆ ಬೇರೆ ಓಣಿಯ ಜನರನ್ನು ದಿನವೂ ಕಾಣುವವರು. ಒಬ್ಬರ ಹೆಸರು ಸಿಕ್ಕಿದ ಕೂಡಲೇ, ಆ ಹೆಸರು ಕೊಟ್ಟವರಿಂದಲೇ ಮೊದಲ ಫೋನು ಮಾಡಿಸಿ. ಗುರುತಿಲ್ಲದ ನಂಬರಿನ ಕರೆಯನ್ನು ಈಗ ಯಾರೂ ಎತ್ತುವುದಿಲ್ಲ. ಕೊನೆಯಲ್ಲಿ ಮನೆ ಸಿಕ್ಕ ಮೇಲೆ, ದಾರಿಯಲ್ಲಿ ನೆರವಾದ ಒಬ್ಬೊಬ್ಬರಿಗೂ ಫೋನು ಮಾಡಿ ಸಿಕ್ಕಿತು ಎಂದು ತಿಳಿಸಿ. ಗೊಬ್ಬರದ ಅಂಗಡಿಯ ಆ ಹಿರಿಯರು ಅಜ್ಜಿಗೆ ಡಬ್ಬಿ ಮುಟ್ಟಿತೇ ಎಂದು ನನಗೆ ಎರಡು ಸಲ ಫೋನು ಮಾಡಿದ್ದರು.